ಹೊರಡುವ ಮುಂಚಿನ ವಾರ

ಇವರು ಹಡಗಿನಲ್ಲಿ ಎಂಜಿನಿಯರ್. ಒಮ್ಮೆ ಹಡಗು ಹತ್ತಿದರೆ ಆರು ತಿಂಗಳು. ಇಲ್ಲಿಯವರೆಗೆ ಒಂಬತ್ತು ಸಲ ಕಳಿಸಿಕೊಟ್ಟಿದ್ದೇನೆ. ಎಲ್ಲರೂ ಕೇಳುವುದು ಆ ಆರು ತಿಂಗಳ ಬಗ್ಗೆ. ನನಗೆ ಅದಕ್ಕಿಂತ ಜಾಸ್ತಿ ಕಷ್ಟವಾಗುತ್ತಿದ್ದದ್ದು ಹೊರಡುವ ಮುಂಚಿನ ವಾರ.

ಮೂರನೇ ಸಲದ್ದು ಚೆನ್ನಾಗಿ ನೆನಪಿದೆ. ಸೂಟ್‌ಕೇಸಿನ ಜಿಪ್ ಕೂರುತ್ತಿರಲಿಲ್ಲ. ಇವರು ಅದರ ಮೇಲೆ ಮಂಡಿಯೂರಿ ಎಳೆಯುತ್ತಿದ್ದರು. "ನಿನ್ನೆಯೇ ಹೇಳಿದ್ದೆ, ಕೇಳಿದ್ರಾ?" ಅಂದೆ. ಅಷ್ಟೇ. ಜಿಪ್‌ನಿಂದ ಶುರುವಾದ ಜಗಳ ಎರಡು ವರ್ಷದ ಹಿಂದಿನ ಮಾತಿನವರೆಗೂ ಹೋಯಿತು. ರಾತ್ರಿ ಬೆನ್ನು ತಿರುಗಿಸಿ ಮಲಗಿದೆವು. ಬೆಳಗ್ಗೆ ಹೊರಟುಹೋದರು. ಆಮೇಲೆ ಎಂಟು ದಿನ ಫೋನ್ ಸಿಗಲಿಲ್ಲ. ಇವರಿಗೇನಾದರೂ ಆದರೆ ನಾನು ಆಡಿದ ಕೊನೆಯ ಮಾತು ಆ ಜಗಳದ್ದೇ ಎಂಬ ಯೋಚನೆ ಎಂಟು ದಿನವೂ ಬಿಡಲಿಲ್ಲ.

ಹೀಗಾಗುವುದು ನಮ್ಮನೆಯಲ್ಲಿ ಮಾತ್ರವಲ್ಲ ಎಂದು ಆಮೇಲೆ ಓದಿ ಗೊತ್ತಾಯಿತು. ಅಮೆರಿಕದ ನೌಕಾಪಡೆಯವರ ಹೆಂಡತಿಯರನ್ನು ಗಮನಿಸಿ ಕ್ಯಾಥ್ಲೀನ್ ವೆಸ್ಟಲ್ ಲೋಗನ್ 1987ರಲ್ಲಿ ಅಗಲಿಕೆಯ ಏಳು ಹಂತಗಳನ್ನು ಬರೆದಿದ್ದರು. ಮೊದಲನೆಯದು, ಹೋಗುವ ಮುಂಚೆಯೇ ಶುರುವಾಗುವ ಸಂಕಟ. ಎರಡನೆಯದು, ಎದುರಿಗಿರುವಾಗಲೇ ಮನಸ್ಸು ದೂರ ಸರಿಯುವುದು. ಸಿಟ್ಟು ಮಾಡಿಕೊಂಡು ಕಳಿಸುವುದು ಸುಲಭ ಅಲ್ವಾ?

ನಾಲ್ಕನೇ ಸಲ ಮೊದಲೇ ಹೇಳಿಬಿಟ್ಟೆ. "ರೀ, ನನಗೆ ಭಯ ಶುರುವಾಗಿದೆ. ಈ ವಾರ ಸುಮ್ನೆ ರೇಗಿದರೆ ಮನಸ್ಸಿಗೆ ಹಚ್ಚಿಕೋಬೇಡಿ." ಇವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗೂ ಅಷ್ಟೇ" ಅಂದರು. ಇವರಿಗೂ ಭಯ ಇರಬಹುದು ಎಂದು ನನಗೆ ಹೊಳೆದೇ ಇರಲಿಲ್ಲ, ನೋಡಿ.

ಅವತ್ತೇ ಅದುವರೆಗೆ ತಪ್ಪಿಸಿಕೊಂಡು ಬಂದ ಮಾತನ್ನೂ ಆಡಿದೆವು. ಏನಾದರೂ ಆದರೆ ಯಾರು ಯಾರಿಗೆ ಫೋನ್ ಮಾಡುತ್ತಾರೆ, ವಿಮೆಯ ಕಾಗದ ಎಲ್ಲಿದೆ, ಎಲ್ಲಾ. ನಡುವೆ ನಾನು ಅತ್ತೆ. ಇವರು ಎದ್ದು ನೀರು ತಂದುಕೊಟ್ಟು, ಮತ್ತೆ ಬಿಟ್ಟಲ್ಲಿಂದಲೇ ಶುರು ಮಾಡಿದರು. "ನಡುಗಡಲಲ್ಲಿ ಸಿಗ್ನಲ್ ಇರಲ್ಲ. ಹತ್ತು ದಿನ ಸುದ್ದಿ ಇಲ್ಲದಿದ್ದರೆ ಮಾತ್ರ ಆಫೀಸಿಗೆ ಫೋನ್ ಮಾಡು. ಅಲ್ಲಿವರೆಗೆ ನಾನು ಚೆನ್ನಾಗೇ ಇದ್ದೀನಿ ಅಂದುಕೋ." ಹತ್ತು ಎಂಬ ಆ ಲೆಕ್ಕ ನನ್ನನ್ನು ಎಷ್ಟೋ ರಾತ್ರಿ ಮಲಗಿಸಿದೆ. ಮೊದಲೆಲ್ಲ ಎರಡನೇ ದಿನಕ್ಕೇ ಹಡಗು ಮುಳುಗಿಸಿಬಿಡುತ್ತಿದ್ದೆ.

ಪ್ಯಾಕಿಂಗ್ ಈಗ ಮೂರು ದಿನ ಮುಂಚೆಯೇ ಮುಗಿಸುತ್ತೇವೆ. ಕೊನೆಯ ದಿನ ಯಾವ ಕೆಲಸವೂ ಇಲ್ಲ.

ಇವರು ಹಾಕಿ ಬಿಟ್ಟ ಒಂದು ಅಂಗಿಯನ್ನು ಒಗೆಯದೆ ಇಟ್ಟುಕೊಳ್ಳುತ್ತೇನೆ. ನಾಚಿಕೆಯಿಂದ ಯಾರಿಗೂ ಹೇಳಿರಲಿಲ್ಲ. ಸಂಗಾತಿ ತೊಟ್ಟ ಅಂಗಿಯ ವಾಸನೆಯಿಂದ ಹೆಂಗಸರಿಗೆ ಒತ್ತಡ ಕಡಿಮೆ ಅನ್ನಿಸುತ್ತದೆ ಎಂದು ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದವರ 2018ರ ಅಧ್ಯಯನ ಹೇಳಿದ ಮೇಲೆ ಧೈರ್ಯ ಬಂತು. ಆದರೆ ಎರಡನೇ ತಿಂಗಳಿಗೆ ಅದರಲ್ಲಿ ಬೀರುವಿನ ವಾಸನೆಯೇ ಉಳಿದಿರುತ್ತದೆ.

ಕಳೆದ ಸಲವೂ ಜಗಳವಾಯಿತು, ಚಾರ್ಜರ್ ವಿಷಯಕ್ಕೆ. ಅರ್ಧದಲ್ಲೇ ಇವರು ನಿಲ್ಲಿಸಿ, "ಇದು ನಿಜವಾಗಿ ಚಾರ್ಜರ್ ಜಗಳಾನಾ?" ಅಂದರು. ಇಬ್ಬರಿಗೂ ನಗು ಬಂತು. ನಗುವಿನಲ್ಲಿ ಚಾರ್ಜರ್ ಮನೆಯಲ್ಲೇ ಉಳಿಯಿತು.