ಕಾಸರಗೋಡಿನ ಮಳೆಗೂ ಜಗ್ಗದ ಆರ್ಕಿಡ್

ಡೆಂಡ್ರೋಬಿಯಂ ಎಂಬ ಆರ್ಕಿಡ್ ಒಮ್ಮೆ ಹೂ ಬಿಟ್ಟು ಒಂದೂವರೆ ತಿಂಗಳು ಬಾಡದೆ ನಿಂತಿತೋ, ಆರ್ಕಿಡ್ ಗೀಳು ಹತ್ತಿತೆಂದೇ ಲೆಕ್ಕ. ಇಲ್ಲಿನ ಸೆಕೆಗೆ ಮೊದಲ ಗಿಡವಾಗಿ ಹೈಬ್ರಿಡ್ ಡೆಂಡ್ರೋಬಿಯಂ ಒಳ್ಳೆಯದು. ಫಲನಾಪ್ಸಿಸ್ ಎಂಬ ಆರ್ಕಿಡ್ ಆಮೇಲೆ ತನ್ನಿ. ದೊಡ್ಡ ಹೂವಿನ ಸಿಂಬಿಡಿಯಂ ಬೇಡ, ತಂಪು ರಾತ್ರಿ ಸಿಗದೆ ಅದು ಬರೀ ಎಲೆ ಬಿಡುತ್ತದೆ.

ನಮ್ಮ ಮರಗಳ ಮೇಲಿನ ಕಾಡು ಆರ್ಕಿಡ್ ಸೀತಾಳೆ ದಂಡೆಯನ್ನು ನೋಡಿ: ಬೇರು ಗಾಳಿಗೆ ತೆರೆದೇ ಇರುತ್ತದೆ, ಮಳೆ ನಿಂತೊಡನೆ ಆರುತ್ತದೆ. ಚಟ್ಟಿಯಲ್ಲೂ ಹಾಗೆಯೇ ಆಗಬೇಕು. ಬದಿಯಲ್ಲಿ ತೂತುಗಳಿರುವ 4 ಇಂಚಿನ ಮಣ್ಣಿನ ಚಟ್ಟಿ ಸಾಕು. ದೊಡ್ಡ ಚಟ್ಟಿಯ ನಡುವೆ ಪಸೆ ಉಳಿದು ಬೇರು ಕೊಳೆಯುತ್ತದೆ. ಚಟ್ಟಿಯ ಕೆಳಗಿನ ಮೂರನೇ ಒಂದು ಪಾಲು ಹಂಚಿನ ಚೂರು, ಮೇಲೆ ಒಂದಿಂಚಿನ ಇದ್ದಿಲ ತುಂಡು. ಮಣ್ಣು ಬೇಡವೇ ಬೇಡ. ಗಿಡದ ಬುಡವನ್ನು ಹೂಳದೆ ಮೇಲೆಯೇ ಕೂರಿಸಿ, ದಂಟನ್ನು ಕೋಲಿಗೆ ಕಟ್ಟಿ. ಗಿಡ ಅಲುಗಾಡಿದರೆ ಹೊಸ ಬೇರಿನ ತುದಿ ಮುರಿಯುತ್ತದೆ. ತೆಂಗಿನ ಸಿಪ್ಪೆ ಬೇಸಿಗೆಗೆ ಚೆನ್ನ, ಆದರೆ ಆಟಿಯ (ಜುಲೈ-ಆಗಸ್ಟ್) ಮಳೆಗೆ ತಿಂಗಳುಗಟ್ಟಲೆ ಒದ್ದೆಯಾಗಿಯೇ ಇರುತ್ತದೆ.

ಯಾವಾಗ ನೀರು ಹಾಕಬೇಕೆಂದು ಬೇರೇ ಹೇಳುತ್ತದೆ: ಒಣಗಿದ್ದರೆ ಬೆಳ್ಳಿಯ ಬಣ್ಣ, ನೀರು ಕುಡಿದಿದ್ದರೆ ಹಸಿರು. ಫೆಬ್ರವರಿಯಿಂದ ಮೇವರೆಗೆ ದಿನಾ ಬೆಳಿಗ್ಗೆ ಹಾಕಿ, ಸಂಜೆಯೊಳಗೆ ಆರಬೇಕು. ಜೂನ್ ಬಂದರೆ ಮೇಲೆ ಪ್ಲಾಸ್ಟಿಕ್ ಹಾಳೆ ಕಟ್ಟಿ, ಸುತ್ತಲೂ ಗಾಳಿಗೆ ಬಿಡಿ. ಸುಳಿಯಲ್ಲಿ ನೀರು ನಿಂತು ಹೊಸ ಚಿಗುರು ಕಂದಾಗಿ ಮೆತ್ತಗಾದರೆ, ಬೆಂಕಿಯಲ್ಲಿ ಕಾಯಿಸಿ ಆರಿಸಿದ ಬ್ಲೇಡಿನಿಂದ ಹಸಿರು ಭಾಗ ಸಿಗುವವರೆಗೆ ಕತ್ತರಿಸಿ, ಗಾಯಕ್ಕೆ ದಾಲ್ಚಿನ್ನಿ ಪುಡಿ ಹಚ್ಚಿ. ಬೇರಿಗೆ ತಾಗಿಸಬೇಡಿ, ಅದು ಬೇರನ್ನು ಒಣಗಿಸುತ್ತದೆ.

ಬೆಳಕಿಗೆ 50 ಶೇಕಡಾ ನೆರಳಿನ ಬಲೆ ಕಟ್ಟಿ. ಎಲೆ ಕಡು ಹಸಿರಾಗಿ ಹೂವೇ ಬಾರದಿದ್ದರೆ ಬೆಳಕು ಸಾಲದು. ಎಲೆ ಸುಟ್ಟು ಕಪ್ಪು ಕಲೆ ಬಿದ್ದರೆ ಬಿಸಿಲು ಹೆಚ್ಚು. ದಟ್ಟ ಕಂಗಿನ (ಅಡಿಕೆ) ತೋಟದೊಳಗೆ ಡೆಂಡ್ರೋಬಿಯಂಗೆ ಬೆಳಕು ಸಾಲುವುದಿಲ್ಲ. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಕಂಗಿನ ಕೊಳೆರೋಗಕ್ಕೆ ಬಿಡುವ ಬೋರ್ಡೋ ಮದ್ದಿನಲ್ಲಿ ಮೈಲುತುತ್ತು, ಅಂದರೆ ತಾಮ್ರದ ಸಲ್ಫೇಟ್ ಇದೆ, ತಾಮ್ರ ಡೆಂಡ್ರೋಬಿಯಂಗೆ ಆಗದು. ಕಂಗಿಗೆ ಒಳ್ಳೆಯದಾದದ್ದು ಇದಕ್ಕೂ ಒಳ್ಳೆಯದೆಂದು ಸಿಂಪಡಿಸಬೇಡಿ. ಮದ್ದು ಬಿಡುವ ದಿನ ಚಟ್ಟಿಗಳನ್ನು ಒಳಗಿಡಿ, ಹನಿ ಬಿದ್ದಿದ್ದರೆ ಕೂಡಲೇ ತೊಳೆಯಿರಿ.

ಗೊಬ್ಬರ 19:19:19 (ಸಾರಜನಕ, ರಂಜಕ, ಪೊಟ್ಯಾಶ್ ಸಮಪಾಲು), ಲೀಟರಿಗೆ ಒಂದು ಗ್ರಾಂ, ವಾರಕ್ಕೊಮ್ಮೆ, ಬೇರು ಒದ್ದೆಯಿರುವಾಗಲೇ. ನಾಲ್ಕನೇ ವಾರ ಬರೀ ನೀರು ಹರಿಸಿ ಗೊಬ್ಬರದ ಉಪ್ಪು ತೊಳೆಯಿರಿ. ಮಳೆಗಾಲದಲ್ಲಿ 15 ದಿನಕ್ಕೊಮ್ಮೆ ಸಾಕು.

ಎಲೆ ಉದುರಿದ ಹಳೆಯ ದಂಟು ಸತ್ತಿತೆಂದು ಕತ್ತರಿಸುವವರು ಬಹಳ. ಅದು ಗಿಡದ ಉಗ್ರಾಣ, ಹಸಿರಿರುವವರೆಗೆ ಬಿಡಿ. ಕೆಲವೊಮ್ಮೆ ಅಲ್ಲೇ ಹೂ ಬರುತ್ತದೆ. ದಂಟಿನ ಮೇಲೆ ಮರಿ ಹುಟ್ಟಿದರೆ, ಅದರ ಬೇರು ಎರಡಿಂಚು ಬೆಳೆದ ಮೇಲೆ ಬಿಡಿಸಿ ನೆಡಿ. ಬೇರಿನ ತುದಿ, ಮೊಗ್ಗು ರಾತ್ರೋರಾತ್ರಿ ಮಾಯವಾದರೆ ಬಸವನಹುಳು ಬಂದಿದೆ. ಟಾರ್ಚ್ ಹಿಡಿದು ಚಟ್ಟಿಯ ಅಡಿಭಾಗವನ್ನು ಮೊದಲು ನೋಡಿ.