ಕೂಸಿನ ಗಾಡಿ ತಳ್ಳುತ್ತಾ ಓಡಬೇಕೇ? ಮೊದಲು ಗಾಲಿ ನೋಡಿ

ನಾನು ಕೊಂಡ ಮೊದಲ ಸ್ಟ್ರಾಲರ್‌ಗೆ ಮೂರು ಗಾಲಿ ಇದ್ದವು. ಅಂಗಡಿಯವರು 'ಜಾಗಿಂಗ್ ಮಾಡೆಲ್' ಅಂದರು, ನಾನೂ ನಂಬಿದೆ. ಅಂಗಡಿಯ ಗ್ರಾನೈಟ್ ನೆಲದ ಮೇಲೆ ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಹೋಗುತ್ತಿತ್ತು. ಮರುದಿನ ಬೆಳಗ್ಗೆ ಮಗಳನ್ನು ಕೂರಿಸಿಕೊಂಡು ಓಡಲು ಹೊರಟೆ. ನೂರು ಹೆಜ್ಜೆ ಆಗಿರಲಿಲ್ಲ, ಮುಂದಿನ ಗಾಲಿ ಗಡಗಡ ನಡುಗಲು ಶುರುವಾಯಿತು. ಒಂದು ಸಣ್ಣ ಜಲ್ಲಿಕಲ್ಲು ಸಿಕ್ಕಿದ್ದೇ ತಡ, ಗಾಡಿ ಪಕ್ಕಕ್ಕೆ ಎಳೆದುಕೊಂಡು ಹೋಯಿತು. ಮಗಳಿಗೆ ಅದೊಂದು ಆಟ, ನಕ್ಕಳು. ನನಗೆ ಮಾತ್ರ ಬೆವರು ಇಳಿಯಿತು. ಮನೆಗೆ ಬಂದು ಡಬ್ಬದ ತಳದಲ್ಲಿದ್ದ ಪುಸ್ತಕ ತೆಗೆದು ನೋಡಿದರೆ ಸ್ಪಷ್ಟವಾಗಿ ಬರೆದಿತ್ತು: ಈ ಗಾಡಿ ಓಡುವುದಕ್ಕೆ ಅಲ್ಲ.

ಎರಡನೆಯದನ್ನು ಕೊಳ್ಳುವಾಗ ಅಂಗಡಿಯ ನೆಲ ಮರೆತು, ನಮ್ಮ ರಸ್ತೆಯನ್ನು ತಲೆಯಲ್ಲಿಟ್ಟುಕೊಂಡು ಹೋದೆ. ಕಲಬುರಗಿಯ ಬಿಸಿಲು, ಜಾಲಿ ಮುಳ್ಳು, ಶಹಾಬಾದ್ ಕಲ್ಲಿನ ಏರುಪೇರು, ಮಳೆಗಾಲದ ಎರೆಮಣ್ಣು. ಇವನ್ನು ತಡೆಯುವ ಗಾಡಿ ಯಾವುದು ಅಂತ ಹುಡುಕುವುದು ಹೇಗೆ, ನೋಡೋಣ.

ಹೆಜ್ಜೆ 1: ಕೂಸಿನ ವಯಸ್ಸು ಕೇಳಿಕೊಳ್ಳಿ

ಗಾಡಿ ನೋಡುವ ಮೊದಲು ಕೂಸನ್ನು ನೋಡಿ. ಓಡುವಾಗ ಗಾಡಿ ಕುಲುಕುತ್ತದೆ. ಕತ್ತು ಗಟ್ಟಿ ನಿಲ್ಲದ ಎಳೆಗೂಸಿಗೆ ಆ ಕುಲುಕಾಟ ಒಳ್ಳೆಯದಲ್ಲ. ಕನಿಷ್ಠ 6 ತಿಂಗಳು ತುಂಬಿರಬೇಕು. ಕೆಲವು ವೈದ್ಯರು 8 ತಿಂಗಳು ಆಗಲಿ ಅನ್ನುತ್ತಾರೆ. ಲಸಿಕೆ ಹಾಕಿಸಲು ಹೋದಾಗ ನಿಮ್ಮ ಮಕ್ಕಳ ಡಾಕ್ಟರನ್ನೇ ಕೇಳಿಬಿಡಿ. ಅವಧಿಗೆ ಮೊದಲೇ ಹುಟ್ಟಿದ ಕೂಸಾದರೆ ಕೇಳದೆ ಓಡಲೇಬೇಡಿ. ಅಲ್ಲಿಯವರೆಗೆ ಸೀಟು ಪೂರ್ತಿ ಮಲಗುವಂಥ ಗಾಡಿಯಿದ್ದರೆ ನಿಧಾನ ನಡೆಯಬಹುದು, ಅಷ್ಟೇ.

ಹೆಜ್ಜೆ 2: ಪುಸ್ತಕ ಮೊದಲು, ಗಾಡಿ ಆಮೇಲೆ

ಮೂರು ಗಾಲಿ ಇದ್ದದ್ದೆಲ್ಲ ಜಾಗಿಂಗ್ ಸ್ಟ್ರಾಲರ್ ಅಲ್ಲ. ಸಾಮಾನ್ಯ ಸ್ಟ್ರಾಲರ್‌ಗಳ ಪುಸ್ತಕದಲ್ಲಿ 'ಓಡಲು ಅಥವಾ ಸ್ಕೇಟಿಂಗ್ ಮಾಡಲು ತಕ್ಕದ್ದಲ್ಲ' ಎಂಬ ಎಚ್ಚರಿಕೆ ಇರುತ್ತದೆ. ಕೂಸಿನ ಗಾಡಿಗಳಿಗೆ ಇರುವ ಯುರೋಪಿನ ಸುರಕ್ಷತಾ ಮಾನದಂಡ ಇಎನ್ 1888ರಲ್ಲೇ ಈ ಮಾತಿದೆ. ಅಂಗಡಿಯಲ್ಲಿ ಡಬ್ಬ ತೆರೆಸಿ, ಪುಸ್ತಕ ಕೈಗೆ ತೆಗೆದುಕೊಂಡು ಆ ಸಾಲು ಹುಡುಕಿ. ಆನ್‌ಲೈನ್‌ನಲ್ಲಿ ಕೊಳ್ಳುವುದಾದರೆ ಕಂಪನಿಯ ಜಾಲತಾಣದಿಂದ ಪುಸ್ತಕ ಇಳಿಸಿಕೊಂಡು ಓದಿ. ಕೂಸಿನ ತೂಕದ ಮಿತಿಯೂ ಅಲ್ಲೇ ಇರುತ್ತದೆ. ಕೆಲವು ಗಾಡಿ 15 ಕೆಜಿವರೆಗೆ, ಕೆಲವು 22 ಕೆಜಿವರೆಗೆ. ಮೂರು ವರ್ಷದ ಮಗುವನ್ನೂ ಕರೆದುಕೊಂಡು ಓಡುವ ಆಸೆಯಿದ್ದರೆ ಎರಡನೆಯದೇ ಬೇಕು.

ಹೆಜ್ಜೆ 3: ಗಾಲಿ

ಇಲ್ಲಿ ಅವಸರ ಮಾಡಬೇಡಿ. ನನ್ನ ಲೆಕ್ಕದಲ್ಲಿ ಅರ್ಧ ಗಾಡಿ ಅಂದರೆ ಗಾಲಿಯೇ.

1984ರಲ್ಲಿ ಅಮೆರಿಕದ ಯಾಕಿಮಾ ಎಂಬ ಊರಿನ ಪತ್ರಕರ್ತ ಫಿಲ್ ಬೇಕ್ಲರ್ ತನ್ನ ಮಗನನ್ನು ಕರೆದುಕೊಂಡು ಓಡಬೇಕೆಂದು ಸ್ಟ್ರಾಲರ್‌ಗೆ ಸೈಕಲ್ ಗಾಲಿ ಜೋಡಿಸಿದ. ಜಾಗಿಂಗ್ ಸ್ಟ್ರಾಲರ್ ಹುಟ್ಟಿದ್ದು ಹಾಗೆ. ಇವತ್ತಿಗೂ ಅದು ಸೈಕಲ್ಲಿನ ತಂಗಿಯೇ. ಒಳ್ಳೆಯ ಗಾಡಿಯಲ್ಲಿ ಹಿಂದಿನ ಎರಡು ಗಾಲಿ ಹೆಚ್ಚಾಗಿ 16 ಇಂಚು, ಮುಂದಿನದು 12 ಇಂಚು. ಒಳಗೆ ಟ್ಯೂಬು, ಹೊರಗೆ ರಬ್ಬರ್ ಟೈರು, ಹವಾ ತುಂಬಬೇಕು. ಅಂಗೈಯಷ್ಟು ಪ್ಲಾಸ್ಟಿಕ್ ಗಾಲಿ ಮಾಲ್‌ನ ನೆಲಕ್ಕೆ ಸರಿ. ನಮ್ಮ ಓಣಿಯ ಕಲ್ಲಿನ ಸಂದಿಗೆ ಸಿಕ್ಕರೆ ಅಲ್ಲೇ ನಿಲ್ಲುತ್ತದೆ, ನೀವು ಮಾತ್ರ ಮುಂದಕ್ಕೆ ಹೋಗುತ್ತೀರಿ.

'ಹವಾ ಗಾಲಿ ಪಂಚರ್ ಆಗುತ್ತದಲ್ಲ?' ಅಂತ ಕೇಳುತ್ತೀರಿ. ಆಗುತ್ತದೆ. ರಸ್ತೆ ಬದಿಯಲ್ಲಿ ಜಾಲಿ ಕಡಿದು ಹಾಕಿರುತ್ತಾರೆ, ಬಯಲಿನಲ್ಲಿ ನೆಗ್ಗಿಲ ಮುಳ್ಳು ಇರುತ್ತದೆ. ನನ್ನ ಎರಡನೇ ಗಾಡಿ ಮೂರನೇ ದಿನವೇ ಪಂಚರ್ ಆಗಿ ಕೂತಿತು. ಫೋಮ್ ತುಂಬಿದ ಗಾಲಿಗೆ ಪಂಚರ್ ಇಲ್ಲ ನಿಜ. ಆದರೆ ರಸ್ತೆಯ ಪೆಟ್ಟೆಲ್ಲ ನೇರ ಕೂಸಿನ ಬೆನ್ನಿಗೆ. ಯೋಚನೆ ಮಾಡಿ ನಾನು ಹವಾ ಗಾಲಿಯನ್ನೇ ಉಳಿಸಿಕೊಂಡೆ.

ಪಂಚರ್ ಅಂಗಡಿಯ ಅಣ್ಣ ಗಾಡಿಯನ್ನು ಒಮ್ಮೆ ತಲೆಕೆಳಗು ಮಾಡಿ ನೋಡಿ, 'ಅಕ್ಕಾರ, ಇದು ಮಕ್ಕಳ ಸೈಕಲ್ ಟ್ಯೂಬೇ ಅದಾ, ಯಾಕ ಚಿಂತಿ ಮಾಡ್ಲತ್ತೀರಿ?' ಅಂದ. ಅವನ ಮಾತು ಸರಿ. ಟೈರಿನ ಪಕ್ಕದಲ್ಲಿ ಅಳತೆ ಅಚ್ಚಾಗಿರುತ್ತದೆ. ಅದನ್ನು ಬರೆದುಕೊಂಡು ಸೈಕಲ್ ಅಂಗಡಿಯಲ್ಲಿ ಕೇಳಿ ನೋಡಿ. ಆ ಅಳತೆಯ ಟ್ಯೂಬು ಊರಲ್ಲಿ ಸಿಗುತ್ತದೆ ಅಂತ ಖಾತ್ರಿ ಆದಮೇಲೆಯೇ ಗಾಡಿಗೆ ದುಡ್ಡು ಕೊಡಿ. ಹವಾ ತುಂಬುವ ಬಾಯಿಯನ್ನೂ ನೋಡಿ. ಮೋಟರ್‌ಸೈಕಲ್ಲಿಗೆ ಇರುವಂಥದೇ ಬಾಯಿ ಇದ್ದರೆ ಎಲ್ಲ ಕಡೆಯೂ ಹವಾ ಹಾಕಿಸಬಹುದು. ಆದರೆ ಕಂಪ್ರೆಸರ್‌ನಲ್ಲಿ ಹಾಕಿಸುವಾಗ ಜೋಪಾನ. ಸಣ್ಣ ಟ್ಯೂಬು ಕಣ್ಣು ಮುಚ್ಚಿ ತೆರೆಯುವುದರೊಳಗೆ ಒಡೆಯುತ್ತದೆ. ಟೈರಿನ ಮೇಲೆ ಎಷ್ಟು ಪಿಎಸ್ಐ ಅಂತ ಬರೆದಿದೆಯೋ ಅದನ್ನು ದಾಟಬಾರದು. ಮನೆಯಲ್ಲಿ ಒಂದು ಕೈಪಂಪು ಇಟ್ಟುಕೊಳ್ಳುವುದು ವಾಸಿ. ಟ್ಯೂಬಿನೊಳಗೆ ಹಾಕುವ ಪಂಚರ್ ತಡೆಯುವ ದ್ರವವೂ ಸಿಗುತ್ತದೆ. ಸಣ್ಣ ಮುಳ್ಳು ಚುಚ್ಚಿದರೆ ತೂತನ್ನು ಅದೇ ಮುಚ್ಚಿಕೊಳ್ಳುತ್ತದೆ.

ಇನ್ನು ಮುಂದಿನ ಗಾಲಿ. ಶರಣಬಸವೇಶ್ವರ ಜಾತ್ರೆಯ ತೇರು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ತೇರಿನ ಗಾಲಿ ಎಡಬಲಕ್ಕೆ ಹೊರಳುವುದಿಲ್ಲ, ಅದಕ್ಕೇ ನೇರ ಹೋಗುತ್ತದೆ. ತಿರುಗಿಸಬೇಕಾದರೆ ಗಾಲಿಗೆ ಕಟ್ಟಿಗೆ ಕೊಡಬೇಕು. ಓಡುವಾಗ ನಿಮ್ಮ ಗಾಡಿಯ ಮುಂದಿನ ಗಾಲಿಯೂ ಹಾಗೆಯೇ ನೇರಕ್ಕೆ ಲಾಕ್ ಆಗಿರಬೇಕು. ತಿರುಗುವ ಗಾಲಿಯನ್ನು ಹಾಗೇ ಬಿಟ್ಟು ಓಡಿದರೆ ನಡುಗುತ್ತದೆ, ಕಲ್ಲಿಗೆ ತಾಗಿದರೆ ಅಡ್ಡ ತಿರುಗಿ ಗಾಡಿ ಮಗುಚಬಹುದು. ಮುಂದಿನ ಗಾಲಿ ಯಾವಾಗಲೂ ಲಾಕ್ ಆಗಿಯೇ ಇರುವ ಗಾಡಿಯೂ ಇದೆ, ಬೇಕಾದಾಗ ಲಾಕ್ ಹಾಕಿ ಬೇಡವಾದಾಗ ತೆಗೆಯುವಂಥದೂ ಇದೆ. ಬಜಾರಿಗೂ ಒಯ್ಯುವವರಿಗೆ ಎರಡನೆಯದೇ ಅನುಕೂಲ. ಲಾಕ್ ಹಾಕಿದಾಗ ಹೊರಳಿಸುವುದು ಸುಲಭ: ಹ್ಯಾಂಡಲ್ ಸ್ವಲ್ಪ ಕೆಳಕ್ಕೆ ಒತ್ತಿ, ಮುಂದಿನ ಗಾಲಿ ಎತ್ತಿ, ತಿರುಗಿಸಿ ಇಳಿಸಿ.

ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿ. ಗಾಲಿ ಲಾಕ್ ಮಾಡಿ, ಖಾಲಿ ಗಾಡಿಯನ್ನು ಮೆಲ್ಲಗೆ ತಳ್ಳಿ ಕೈ ಬಿಡಿ. ನಾಲ್ಕೈದು ಮೀಟರ್ ನೇರ ಹೋದರೆ ಸರಿ. ಒಂದೇ ಕಡೆ ಎಳೆದರೆ ಮೊದಲು ಎರಡೂ ಹಿಂದಿನ ಗಾಲಿಯಲ್ಲಿ ಹವಾ ಸಮ ಇದೆಯಾ ನೋಡಿ. ಆಗಲೂ ಎಳೆದರೆ ಮುಂದಿನ ಗಾಲಿ ಸರಿಪಡಿಸುವ ತಿರುಪು ಇದೆಯಾ ಕೇಳಿ. ಇಲ್ಲ ಅಂದರೆ ಬೇರೆ ಗಾಡಿ ನೋಡಿ.

ಮುಂದಿನ ಗಾಲಿ ಬಿಚ್ಚಿ ಹಾಕುವ ಕ್ವಿಕ್ ರಿಲೀಸ್ ಹಿಡಿ ಇದ್ದರೆ, ಅದನ್ನು ಬಿಗಿ ಮಾಡುವುದನ್ನು ಕಲಿತುಕೊಂಡೇ ಬನ್ನಿ. 2018ರಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಇದೇ ವಿಷಯಕ್ಕೆ ಒಂದು ಕಂಪನಿಯ ಮೇಲೆ ಪ್ರಕರಣ ಹಾಕಿತ್ತು. ಹಿಡಿ ಸರಿಯಾಗಿ ಬಿಗಿಯಾಗದೆ ಓಡುವಾಗ ಗಾಲಿಯೇ ಕಳಚಿ ಬೀಳುತ್ತಿದೆ ಎಂಬುದು ದೂರು. ನಾನಂತೂ ದಿನಾ ಹೊರಡುವ ಮೊದಲು ಮುಂದಿನ ಗಾಲಿ ಹಿಡಿದು ಒಮ್ಮೆ ಅಲ್ಲಾಡಿಸುತ್ತೇನೆ.

ಹೆಜ್ಜೆ 4: ಬೆಲ್ಟು, ಬ್ರೇಕು, ಕೈಪಟ್ಟಿ

ಬೆಲ್ಟು ಐದು ಕಡೆ ಹಿಡಿಯುವಂಥದೇ ಆಗಬೇಕು: ಎರಡು ಭುಜ, ಎರಡು ಸೊಂಟ, ಒಂದು ಕಾಲಿನ ನಡುವೆ. ಬರೀ ಸೊಂಟದ ಬೆಲ್ಟು ಇದ್ದರೆ ಅದನ್ನು ಮುಟ್ಟಲೂ ಹೋಗಬೇಡಿ. ಬೆಲ್ಟಿನ ಕೆಳಗೆ ಒಂದು ಬೆರಳು ಹೋಗುವಷ್ಟು ಜಾಗವಿದ್ದರೆ ಸಾಕು.

ಕಾಲಿನಿಂದ ಒತ್ತುವ ಬ್ರೇಕು ಹಿಂದಿನ ಎರಡೂ ಗಾಲಿ ಹಿಡಿಯಬೇಕು. ಸೈಕಲ್ಲಿನಂತೆ ಹ್ಯಾಂಡಲ್ಲಿಗೆ ಕೈಬ್ರೇಕ್ ಕೊಟ್ಟ ಗಾಡಿಗಳೂ ಇವೆ. ಕಲಬುರಗಿಯಂಥ ಸಪಾಟು ಊರಲ್ಲಿ ಅದು ಇಲ್ಲದಿದ್ದರೂ ನಡೆಯುತ್ತದೆ. ಬೀದರ್ ಅಥವಾ ಯಾದಗಿರಿಯಲ್ಲಿ ಕೋಟೆಯ ಕಡೆಯ ಇಳಿಜಾರಿನಲ್ಲಿ ಓಡುವವರು ಬಿಡಬೇಡಿ. ಕೈಪಟ್ಟಿ ಮಾತ್ರ ಎಲ್ಲರಿಗೂ ಬೇಕೇ ಬೇಕು. ಒಂದು ತುದಿ ಗಾಡಿಗೆ, ಇನ್ನೊಂದು ನಿಮ್ಮ ಮಣಿಕಟ್ಟಿಗೆ. ನೀವು ಎಡವಿ ಬಿದ್ದರೂ ಗಾಡಿ ಮುಂದೆ ಓಡಿಹೋಗುವುದಿಲ್ಲ.

ಪುಸ್ತಕದಲ್ಲಿ ಬರೆದಿರದ ಒಂದು ಮಾತು: ಓಢಣಿ ಮನೆಯಲ್ಲೇ ಬಿಡಿ. ಬಿಡಲಾಗದಿದ್ದರೆ ಸೊಂಟಕ್ಕೆ ಬಿಗಿಯಾಗಿ ಕಟ್ಟಿ. ಬೈಕಿನ ಗಾಲಿಗೆ ಸಿಗುವಂತೆ ಇದಕ್ಕೂ ಸಿಗುತ್ತದೆ. ಹ್ಯಾಂಡಲ್ಲಿಗೆ ಕೈಚೀಲ ತೂಗುಹಾಕುವುದೂ ಬೇಡ, ಕೂಸು ಇಳಿದ ಕ್ಷಣ ಗಾಡಿ ಹಿಂದಕ್ಕೆ ಮಗುಚುತ್ತದೆ.

ಹೆಜ್ಜೆ 5: ನಿಮ್ಮ ಮೈಗೆ, ನಿಮ್ಮ ಮನೆಗೆ ಹೊಂದುತ್ತದಾ?

ಹ್ಯಾಂಡಲ್ ಸೊಂಟಕ್ಕೂ ಹೊಕ್ಕುಳಿಗೂ ನಡುವೆ ಬರಬೇಕು. ನಮ್ಮ ಮನೆಯವರು ಆರಡಿ ಹತ್ತಿರ, ನಾನು ಐದು ಚಿಲ್ಲರೆ. ಅದಕ್ಕೆ ಮೇಲೆ ಕೆಳಗೆ ಆಗುವ ಹ್ಯಾಂಡಲ್ಲೇ ತೆಗೆದುಕೊಂಡೆವು. ಅಂಗಡಿಯಲ್ಲಿ ನಾಚದೆ ಉದ್ದ ಹೆಜ್ಜೆ ಹಾಕಿ ಓಡಿ ನೋಡಿ. ಕಾಲು ಹಿಂದಿನ ಅಚ್ಚಿಗೆ ತಾಗಿದರೆ ಆ ಗಾಡಿ ನಿಮ್ಮದಲ್ಲ.

ಈ ಗಾಡಿಗಳು ಭಾರ. 10ರಿಂದ 14 ಕೆಜಿವರೆಗೆ ಇರುತ್ತವೆ. ಲಿಫ್ಟ್ ಇಲ್ಲದ ಎರಡನೇ ಮಹಡಿಯವರು ಇದನ್ನು ಮೊದಲೇ ಲೆಕ್ಕ ಹಾಕಿ. ಮಡಚಿದಾಗಿನ ಅಳತೆಯನ್ನು ಕಾರಿನ ಡಿಕ್ಕಿಯ ಅಳತೆಯ ಜೊತೆ ಹೋಲಿಸಿ. ನಾವು ಟೇಪು ಹಿಡಿದು ಅಳೆದದ್ದನ್ನು ಕಂಡು ಪಕ್ಕದ ಮನೆಯ ಕಾಕಾ, 'ಕಾರು ಮಾರ್ಲತ್ತೀರೇನ್ರೀ?' ಅಂತ ಕೇಳಿದ್ದರು.

ಹೆಜ್ಜೆ 6: ಬಿಸಿಲು

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಸರ್ಕಾರಿ ಕಚೇರಿಗಳೇ ಬೆಳಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಕಚೇರಿಗೇ ಆಗದ ಬಿಸಿಲು ಕೂಸಿಗೆ ಆಗುತ್ತದಾ? ಕೂಸು ಕೂರುವುದು ನೆಲದ ಹತ್ತಿರ, ಡಾಂಬರಿನ ಕಾವು ನಮಗಿಂತ ಮೊದಲು ಅದಕ್ಕೆ ತಟ್ಟುತ್ತದೆ. ಆದ್ದರಿಂದ ಕೊಡೆ ಮುಂದಕ್ಕೆ ಚೆನ್ನಾಗಿ ಇಳಿಯುವಂತಿರಲಿ, ಬೆನ್ನಿನ ಕಡೆ ಜಾಳಿಗೆ ಬಟ್ಟೆ ಇರಲಿ, ಬಣ್ಣ ತಿಳಿಯಾಗಿರಲಿ. ಕಪ್ಪು ಬಣ್ಣ ಮಣ್ಣು ಕಾಣಿಸುವುದಿಲ್ಲ ಅಂತ ನಾನೂ ಆಸೆಪಟ್ಟಿದ್ದೆ, ಆಮೇಲೆ ಬಿಟ್ಟೆ.

ಬಹಳ ಜನ ಮಾಡುವ ತಪ್ಪು ಅಂದರೆ ಬಿಸಿಲಿಗೆ ಅಂತ ಗಾಡಿಯ ಮೇಲೆ ಟವೆಲ್ ಹೊದಿಸುವುದು. ತೆಳು ಬಟ್ಟೆಯಾದರೂ ಗಾಳಿ ನಿಲ್ಲುತ್ತದೆ, ಒಳಗೆ ಕಾವು ಏರುತ್ತದೆ, ಕೂಸು ನಿಮ್ಮ ಕಣ್ಣಿಗೂ ಕಾಣುವುದಿಲ್ಲ. ಬೇಸಿಗೆಯಲ್ಲಿ ಸೂರ್ಯ ಏರುವುದರೊಳಗೆ ಮನೆ ಸೇರಿಬಿಡಿ. ಗಾಡಿ ಬಿಸಿಲಲ್ಲಿ ನಿಂತಿದ್ದರೆ ಕೂರಿಸುವ ಮೊದಲು ಬಕಲ್ ಮುಟ್ಟಿ ನೋಡಿ. ಡಿಸೆಂಬರ್‌ನಲ್ಲಿ ಇದು ತಿರುಗುಮುರುಗು. ಓಡುವ ನಿಮಗೆ ಬೆವರು, ಸುಮ್ನೆ ಕೂತ ಕೂಸಿಗೆ ಚಳಿ. ನಮ್ಮತ್ತೆ ಕುಂಚಿಗೆ ಕಟ್ಟದೆ ಕಳಿಸುವುದೇ ಇಲ್ಲ. ಈ ವಿಷಯದಲ್ಲಿ ಅವರ ಮಾತೇ ಸರಿ.

ಹೆಜ್ಜೆ 7: ದುಡ್ಡು

ಹೊರದೇಶದ ಹೆಸರಾಂತ ಗಾಡಿಗಳು ಹತ್ತಾರು ಸಾವಿರ ರೂಪಾಯಿ. ಎಲ್ಲರಿಗೂ ಅದು ಬೇಕಿಲ್ಲ. ವಾರಕ್ಕೆ ಒಂದು ದಿನ ಕಲಬುರಗಿಯ ಅಪ್ಪನ ಕೆರೆಯ ಸುತ್ತ ನಡೆಯುವವರು ಅಷ್ಟು ಸುರಿಯುವುದು ದಂಡ, ದೊಡ್ಡ ಗಾಲಿಯ ಸಾಮಾನ್ಯ ಗಾಡಿ ಸಾಕು. ವಾರಕ್ಕೆ ಮೂರ್ನಾಲ್ಕು ದಿನ ನಿಜವಾಗಿ ಓಡುವವರಿಗೆ ಸೆಕೆಂಡ್ ಹ್ಯಾಂಡ್ ಒಳ್ಳೆಯ ದಾರಿ. ನಮ್ಮ ಎರಡನೇ ಗಾಡಿ ಹೈದರಾಬಾದಿನಲ್ಲಿರುವ ನೆಂಟರಿಂದ ಬಂದದ್ದು. ಹಳೆಯದು ಕೊಳ್ಳುವಾಗ ಫ್ರೇಮಿನ ಬೆಸುಗೆಯಲ್ಲಿ ಬಿರುಕು, ಟೈರಿನ ಪಕ್ಕದಲ್ಲಿ ಸೀಳು, ಬಕಲ್ಲಿನ ಹಿಡಿತ, ಈ ಮೂರು ನೋಡಿ. ಆ ಮಾಡೆಲ್ಲನ್ನು ಕಂಪನಿ ಯಾವಾಗಲಾದರೂ ವಾಪಸ್ ಕರೆಸಿಕೊಂಡಿತ್ತಾ ಅಂತ ಮಾಡೆಲ್ ಸಂಖ್ಯೆ ಹಾಕಿ ಹುಡುಕಿ.

ಹೆಜ್ಜೆ 8: ಮೊದಲ ಓಟ ಕೂಸಿಲ್ಲದೆ

ಗಾಡಿ ಬಂತು ಅಂತ ಆ ದಿನವೇ ಕೂಸನ್ನು ಕೂರಿಸಬೇಡಿ. ನಾನು 10 ಕೆಜಿ ತೊಗರಿಬೇಳೆಯ ಚೀಲ ಇಟ್ಟು, ಐದೂ ಬೆಲ್ಟು ಕಟ್ಟಿ, ವಿಶ್ವವಿದ್ಯಾಲಯದ ಕಡೆ ಗಾಡಿಗಳ ಓಡಾಟ ಕಡಿಮೆ ಇರುವ ರಸ್ತೆಯಲ್ಲಿ ಎರಡು ದಿನ ಓಡಿದೆ. ಒಂದು ಕೈಯಲ್ಲಿ ತಳ್ಳುವುದು, ಇನ್ನೊಂದು ಕೈ ಬೀಸುವುದು, ಸ್ವಲ್ಪ ಹೊತ್ತಿಗೆ ಕೈ ಬದಲಿಸುವುದು ಆಗ ರೂಢಿಯಾಯಿತು. ವೇಗ ಕಡಿಮೆ ಆಗುತ್ತದೆ, ಬೇಜಾರು ಬೇಡ. ಸ್ಪೀಡ್ ಬ್ರೇಕರ್ ಬಂದರೆ ಓಟ ನಿಲ್ಲಿಸಿ, ಮುಂದಿನ ಗಾಲಿ ಎತ್ತಿ ದಾಟಿಸಿ. ಬೀದಿನಾಯಿ ಬೆನ್ನು ಹತ್ತಿದರೆ ಓಡಬೇಡಿ, ನಡೆಯಿರಿ. ಇಯರ್‌ಫೋನ್ ಬೇಡ.

ಎರಡನೇ ದಿನ ಎದುರಿಗೆ ಬಂದ ಒಬ್ಬ ಆಯಿ ತಡೆದು ನಿಲ್ಲಿಸಿ, 'ಏ ತಂಗಿ, ಕೂಸಿಗಿ ಎಲ್ಲಿಗಿ ಒಯ್ಲತ್ತಿ ಇಷ್ಟು ಅವಸರದಾಗ?' ಅಂತ ಕೊಡೆ ಎತ್ತಿ ನೋಡಿದರು. ಬೇಳೆಚೀಲ ಕಂಡು ನನ್ನ ಮುಖ ನೋಡಿದರು. ಏನೂ ಅನ್ನದೆ ಮುಂದೆ ಹೋದರು. ಮೂರನೇ ದಿನ ಬೇಳೆ ಅಡುಗೆಮನೆಗೆ ಹೋಯಿತು, ಮಗಳು ಗಾಡಿಗೆ ಬಂದಳು.