ಕೌಂಟರಿನಲ್ಲಿ ನಿಂತೇ ಮಾಡುವ ಮೈಂಡ್‌ಫುಲ್‌ನೆಸ್

ಔಷಧಿ ಕೌಂಟರಿನಲ್ಲಿ ಕೆಲಸ ಮಾಡುವವರಿಗೆ ಮೈಂಡ್‌ಫುಲ್‌ನೆಸ್ (ಈ ಕ್ಷಣದತ್ತ ಗಮನ ಇಡುವ ಅಭ್ಯಾಸ) ಎಂದರೆ ಸಾಕು, ಕಣ್ಣು ಮುಚ್ಚಿ ತಲೆ ಖಾಲಿ ಮಾಡಲು ಹೊರಡುತ್ತಾರೆ. ಎದುರಿಗೆ ಆರು ಜನ ಚೀಟಿ ಹಿಡಿದು ನಿಂತಿರುವಾಗ ಅದು ಆಗುವ ಮಾತೇ? ಆಗಲಿಲ್ಲವಲ್ಲ ಎಂಬ ಕಿರಿಕಿರಿ ಬೇರೆ. ಗಮನ ಎತ್ತ ಓಡಿತು ಎಂದು ನೋಡಿ, ಕೈಲಿರುವ ಕೆಲಸಕ್ಕೆ ಅದನ್ನು ವಾಪಸ್ ಕರೆತಂದರೆ ಸಾಕು.

ಮೊದಲು, ಕೆಲಸ ಶುರುವಾಗುವ ಮುನ್ನ ಮೂರು ಉಸಿರು. ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡಿ. ಉಸಿರು ಬಿಡುವಾಗ ಎದೆಬಡಿತ ತುಸು ಇಳಿಯುತ್ತದೆ.

ಎರಡನೆಯದು, ನೆನಪಿಗೆ ಒಂದು ಗುರುತು. ಕೈ ತೊಳೆಯುವ ಹೊತ್ತೇ ಒಳ್ಳೆಯದು. ಆಗ ಹೆಗಲು ಇಳಿಸಿ, ಹಲ್ಲು ಕಚ್ಚಿದ್ದರೆ ಸಡಿಲಿಸಿ. ಗಂಟೆಗೊಮ್ಮೆ ಟಿಂಗ್ ಎನ್ನುವ ಆಪ್ ಮಾತ್ರ ಬೇಡವೇ ಬೇಡ. ಅದೂ ಇನ್ನೊಂದು ಅಡ್ಡಿ, ಅಲ್ವಾ?

ಮೂರನೆಯದೇ ಕಷ್ಟ. ಮಾತ್ರೆ ಎಣಿಸುತ್ತಿದ್ದೀರಿ, ಫೋನ್ ಬಡಿದುಕೊಳ್ಳುತ್ತದೆ. ಎಷ್ಟೋ ಜನ ಅದನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಎಣಿಸುತ್ತಲೇ ಇರುವುದನ್ನು ನೋಡಿದ್ದೇನೆ. ಎಡವುವುದು ಅಲ್ಲೇ. ಕೈ ನಿಲ್ಲಿಸಿ. ಟ್ರೇ ಮೇಲೆ ಚೀಟಿ ಅಡ್ಡ ಇಡಿ. ಆಮೇಲೆ ಮಾತಾಡಿ. ವಾಪಸ್ ಬಂದಾಗ ಎಣಿಸಿದ್ದು ಹದಿನೈದೋ ಇಪ್ಪತ್ತೋ ಗೊತ್ತಾಗದು, ಎದೆ ಡವಡವ ಎನ್ನುತ್ತಿರುತ್ತದೆ. ಊಹಿಸಬೇಡಿ. ಪಾದಗಳು ನೆಲಕ್ಕೆ ಊರಿರುವುದು ಗೊತ್ತಾಗುತ್ತಿದೆಯಾ, ನೋಡಿ. 'ಗಾಬರಿಯಾಗಿದೆ' ಎಂದು ಮನಸ್ಸಿನಲ್ಲೇ ಹೇಳಿಕೊಳ್ಳಿ. ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ. ಒಂದು ಉಸಿರು ಬಿಡಿ. ಈಗ ಚೀಟಿಯನ್ನು ಮೇಲಿನಿಂದ ಓದಿ: ರೋಗಿಯ ಹೆಸರು, ಔಷಧಿ, ಎಷ್ಟು ಎಂ.ಜಿ. ಹೈಡ್ರಾಲಜಿನ್ ರಕ್ತದೊತ್ತಡಕ್ಕೆ, ಹೈಡ್ರಾಕ್ಸಿಜಿನ್ ತುರಿಕೆಗೆ. ಅವಸರದ ಕಣ್ಣಿಗೆ ಎರಡೂ ಒಂದೇ. ಹಾಗಾಗಿ ತುಟಿ ಅಲುಗಿಸಿಯೇ ಓದಿ, ಯಾರಾದರೂ ನಕ್ಕರೆ ನಗಲಿ. ನಂತರ ಒಂದರಿಂದ ಎಣಿಸಿ. ಅರ್ಧ ನಿಮಿಷ ಜಾಸ್ತಿ ಹಿಡಿಯಬಹುದು, ಹಿಡಿಯಲಿ.

ರೇಗಾಡುವ ಗಿರಾಕಿ ಬಂದರೆ ಪೂರ್ತಿ ಹೇಳಲು ಬಿಡಿ. ಒಂದು ಉಸಿರಾದ ಮೇಲೆ ಉತ್ತರ ಕೊಡಿ.

ಒಂದೇ ದಿನದಲ್ಲಿ ಒತ್ತಡ ಮಾಯ ಎನ್ನುವ ಶಿಬಿರಗಳಿಗೆ ಸುಮ್ನೆ ದುಡ್ಡು ಸುರಿಯಬೇಡಿ. ಜಾನ್ ಕಬಟ್-ಜಿನ್ 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಶುರು ಮಾಡಿದ ಮೈಂಡ್‌ಫುಲ್‌ನೆಸ್ ತರಬೇತಿಯೇ 8 ವಾರ ಹಿಡಿಯುತ್ತದೆ.

ಮೂವರ ಕೆಲಸ ಒಬ್ಬರ ತಲೆಗೆ ಬಿದ್ದಿದ್ದರೆ ಈ ಉಸಿರಾಟವೆಲ್ಲ ಸಾಲದು. ಎಣಿಸುವಾಗ ಅಡ್ಡಿಯಾದಾಗಲೆಲ್ಲ ಒಂದು ಹಾಳೆಯಲ್ಲಿ ಗೆರೆ ಎಳೆಯಿರಿ. ವಾರ ಮುಗಿದ ಮೇಲೆ ಆ ಹಾಳೆಯನ್ನು ಮಾಲೀಕರ ಮುಂದಿಟ್ಟು, ಇನ್ನೊಬ್ಬರನ್ನು ಕೆಲಸಕ್ಕೆ ತೆಗೆದುಕೊಳ್ಳಿ ಎಂದು ಕೇಳಿ.